ಬಿಳಿ ನಾಗನ ಮನೆತನ

ಜನವರಿ 17, 1983. ಜಮಖಂಡಿ

ದೇವರನ್ನು ನಂಬದ ನನ್ನ ಕೊರಳಿಗೆ ಇವತ್ತು ದೇವರ ಚಾಕರಿ ಬಿತ್ತು. ಬನಹಟ್ಟಿಯ ಕಾಶಪ್ಪ ಸಾವಕಾರರು ಕಾಲೇಜಿಗೆ ಹೇಳಿ ಕಳಿಸಿದ್ದರು: ‘ಪ್ರಾಣಿಶಾಸ್ತ್ರದ ಲ್ಯಾಬಿನ ಬಾಯಾರನ್ನ ಕಳಸ್ರಿ.’ ಅವರು ಆಡಳಿತ ಮಂಡಳಿಯವರು. ಬಾಯಾರು ಎಂದರೆ ಲ್ಯಾಬಿನ ಮೇಡಂ, ನಾನೇ; ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ. ಹೋದೆ.

ಪವರ್‌ಲೂಮ್ ಶೆಡ್ಡಿನ ಹಿಂದೆ ತಗಡಿನ ಗುಡಿ. ಗುಡಿಯೊಳಗೆ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಬಿಳಿ ನಾಗರಹಾವು. ಆರು ವರ್ಷದ ಹಿಂದೆ ಗಲಗಲಿಯ ಕಬ್ಬಿನ ಹೊಲದಲ್ಲಿ ಸಿಕ್ಕಿದ್ದಂತೆ. ಅವತ್ತಿನಿಂದ ಅದು ದೇವರು. ಸೋಮವಾರ ಜನ ಸಾಲು ನಿಲ್ಲುತ್ತಾರೆ. ನಾನು ಹೊಸ್ತಿಲು ದಾಟುವಾಗ ಸಾವಕಾರರ ಹೆಂಡತಿ ತಡೆದು ಜಾತಿ ಕೇಳಿದರು: ‘ನೀವು ಯಾವ ಪೈಕಿ?’

‘ಹಾವು ಕೇಳಲಿಲ್ಲಲ್ರಿ, ನೀವ್ಯಾಕ ಕೇಳ್ತೀರಿ?’ ಎಂದೆ.

ಕಾಶಪ್ಪನವರು ನಕ್ಕುಬಿಟ್ಟರು. ಕೆಲಸ ಆಗಬೇಕಾದಾಗ ಈ ಜನಕ್ಕೆ ನಗು ಚೆನ್ನಾಗಿ ಬರುತ್ತದೆ.

ಹಾವಿಗೆ ವಯಸ್ಸಾಗಿದೆ. ಪೊರೆ ಪೂರ್ತಿ ಬಿಡುವುದಿಲ್ಲ. ‘ಇದು ಹೋತಂದ್ರ ಗುಡಿ ಖಾಲಿ. ಇದರ ಪೀಳಿಗಿ ಬೇಕು,’ ಎಂದರು ಸಾವಕಾರರು. ‘ನಾಕು ವರ್ಷದ ಹಿಂದ ಕಂದು ಹೆಣ್ಣಿನ ಕೂಡ ಒಮ್ಮೆ ಬಿಟ್ಟಿದ್ವಿ. ಮಗ್ಗದಾಗ ಬಿಳಿ ಹಾಸಿನ ನೂಲಿಗೆ ಕಂದು ಹೊಕ್ಕಿನ ನೂಲು ಅಡ್ಡ ಹೊಡದ್ರ ಅರಿವಿ ತುಸುವಾದ್ರೂ ಬೆಳ್ಳಗ ಕಾಣಬೇಕಲ್ರಿ ಬಾಯಾರ? ಎಲ್ಲಾ ಮರೀನೂ ಕಂದು! ಒಂದ ಎಳಿ ಬಿಳುಪಿಲ್ಲ!’

ಹುಟ್ಟಿದಾಗಿನಿಂದ ನೂಲಿನೊಳಗೇ ಬದುಕಿದ ಮನುಷ್ಯ. ರಕ್ತವನ್ನೂ ಬಣ್ಣದ ಕೊಪ್ಪರಿಗೆ ಎಂದೇ ತಿಳಿದಿದ್ದಾರೆ. ಒಂದರೊಳಗೊಂದು ಸುರಿದರೆ ನಡುವಿನದು ಬರಬೇಕು! ನಾನು ಮಗ್ಗದ ಪಕ್ಕ ಬಿದ್ದಿದ್ದ ಸೀರೆಯ ಸೆರಗು ತಿರುವಿ ಹಾಕಿ ತೋರಿಸಿದೆ. ‘ಈ ಬುಟ್ಟಾದ ಎಳಿ ಮ್ಯಾಲೆ ಕಾಣದ ಕಡೆ ಹಿಂದ ಹಾಯ್ದು ಹೋಗೈತಿ ನೋಡ್ರಿ. ಆ ಕಂದು ಮರಿಯೊಳಗೂ ಬಿಳಿ ಎಳಿ ಹಂಗ ಅಡಗಿರತೈತಿ. ಮರಿ ಉಳದಾವೇನು?’

ಉಳಿದಿರಲಿಲ್ಲ. ಸಾವಕಾರರು ಎಲ್ಲವನ್ನೂ ಬಿಸಾಡಿಸಿದ್ದರು. ಹಾವು ನೋಡಿಕೊಳ್ಳುವ ಗಿರಿಮಲ್ಲಪ್ಪ ತಲೆ ಕೆರೆದುಕೊಂಡ. ‘ಒಂದ ಹೆಣ್ಣು ಗಡಿಗ್ಯಾಗ ಇಟ್ಟೇನ್ರೀ. ಬೈಬ್ಯಾಡ್ರಿ ಮತ್ತ.’

‘ಅದನ್ನ ಇದರ ಕೂಡ ಬಿಡ್ರಿ. ಅರ್ಧಕ್ಕರ್ಧ ಬಿಳಿ ಬರತಾವ,’ ಎಂದುಬಿಟ್ಟೆ.

‘ಅಪ್ಪ-ಮಗಳು ಆಗೂದಿಲ್ಲನ್ರಿ?’ ಎಂದ ಗಿರಿಮಲ್ಲಪ್ಪ.

‘ಹಾವಿಗೆ ಅದೆಲ್ಲಾ ಏನ್ ಗೊತ್ತಾಗತೈತಿ?’

ಇದು ನಾನೇ ಆಡಿದ ಮಾತು. ಹಾವು ಹಿಡಿದಿಡುವುದು ಕಾನೂನಿಗೆ ವಿರುದ್ಧ ಎಂದೂ ಹೇಳಿದೆ, ಆದರೆ ಇದಾದ ಮೇಲೆ. ‘ದೇವರಿಗೆ ಎಲ್ಲೀ ಕಾನೂನು?’ ಎಂದರು ಸಾವಕಾರರು. ಬಸ್ಸಿನಲ್ಲಿ ಬರುವಾಗ ಬಾಯೆಲ್ಲ ತುಕ್ಕಿನ ರುಚಿ.

ಫೆಬ್ರವರಿ 11

ದಿನ ತಪ್ಪಿದ್ದು ಖಾತ್ರಿಯಾಯಿತು. ಮಾಮಾನಿಗೆ ಹೇಳಿದೆ. ಬಸ್ಸಿನ ಡ್ಯೂಟಿಗೆ ಹೊರಟಿದ್ದವನು ಟಿಕೀಟಿನ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡೇ ಕುಣಿದ. ‘ಲೇ ಮಾದೂ, ಇದಕ್ಕ ಮಾತ್ರ ಅರ್ಧ ಟಿಕೀಟೂ ಇಲ್ಲಲೇ!’ ತೇರದಾಳದವರೆಗೂ ಪ್ರಯಾಣಿಕರಿಗೆ ಅದನ್ನೇ ಹೇಳಿರುತ್ತಾನೆ. ನಾಮದೇವ ಮಾಮಾ ನನ್ನ ಅವ್ವನ ತಮ್ಮ. ನನ್ನನ್ನು ಸಾಲಿಗೆ ಹೊತ್ತು ಒಯ್ದವನು, ಈಗ ನನ್ನ ಗಂಡ. ಈ ಸೀಮೆಯಲ್ಲಿ ಇದು ವಿಶೇಷವೇನಲ್ಲ. ಅವ್ವನೂ ತನ್ನ ಸೋದರಮಾವನನ್ನೇ ಕಟ್ಟಿಕೊಂಡವಳು.

ಮಧ್ಯಾಹ್ನ ಬನಹಟ್ಟಿಗೆ ಹೋದೆ. ಹಾವುಗಳು ಕೂಡಿದವು. ಬಿಳಿಯದು ಕಂದಿನ ಮೇಲೆ, ನೂಲಿನ ಲಡಿ ಸುತ್ತಿದಂತೆ. ತಂದೆ ಮತ್ತು ಮಗಳು. ನೋಟ ಕೀಳಬೇಕೆಂದರೂ ಆಗಲಿಲ್ಲ. ಗಾಜಿನ ಮೇಲೆ ಹೊರಗಿನ ಬಿಸಿಲು ಬಿದ್ದಿತ್ತು. ಆ ಬಿಸಿಲೊಳಗೆ ನನ್ನ ಬೆನ್ನ ಹಿಂದೆ ಒಬ್ಬ ಹುಡುಗ ನಿಂತದ್ದು ಕಂಡಿತು. ಹಣೆಗೆ ಅಂಗೈ ಅಡ್ಡ ಹಿಡಿದಿದ್ದ.

ತಿರುಗಿ ನೋಡಿದೆ. ಬೇವಿನ ಗಿಡ. ಅದರ ಕೆಳಗೆ ಯಾರೂ ಇಲ್ಲ.

ಬಸುರಿಗೆ ಹೀಗೆಲ್ಲ ಆಗುವುದುಂಟು. ಬರುವಾಗ ಕೊಡೆ ಕೊಂಡೆ. ಕಣ್ಣು ಉರಿಯುತ್ತಿವೆ.

ಮಾರ್ಚ್ 6. ಹುನ್ನೂರ

ಅವ್ವನ ಮನೆಗೆ ಬಂದಿದ್ದೇನೆ. ಮನೆಯಲ್ಲ, ಗವಿ. ಕಿಟಕಿಗೆ ಆ ಕರಿ ಕಂಬಳಿ ಇನ್ನೂ ತೂಗುತ್ತಿದೆ. ತೆಗಿ ಎಂದರೆ ಅವ್ವ ಕೇಳಿಸದವಳಂತೆ ರೊಟ್ಟಿ ಬಡಿಯುತ್ತಾಳೆ. ನನ್ನ ಮನೆಯ ಕಿಟಕಿಯನ್ನು ನಾನೆಂದೂ ಮುಚ್ಚಿದವಳಲ್ಲ. ಅಕ್ಷರ ಕಲಿತವಳ ಮನೆಗೆ ಬೆಳಕು ಬರಬೇಕು.

ಇಷ್ಟು ವರ್ಷ ಬರೆಯದೇ ಬಿಟ್ಟದ್ದನ್ನು ಬರೆದುಬಿಡುತ್ತೇನೆ. ನನಗೊಬ್ಬ ತಮ್ಮನಿದ್ದ. ಬೆಳ್ಳಗೆ ಹುಟ್ಟಿದ. ಕೂದಲು, ಹುಬ್ಬು, ರೆಪ್ಪೆ ಎಲ್ಲ ಅರಳೆಯ ಬಣ್ಣ. ಬೆಳಕಿಗೆ ಕಣ್ಣು ನಿಲ್ಲುತ್ತಿರಲಿಲ್ಲ, ಹೊಯ್ದಾಡುತ್ತಿದ್ದವು. ಅದಕ್ಕೇ ಆ ಕಂಬಳಿ. ಕರಿ ಕೇರಿಯಲ್ಲಿ ಬಿಳಿ ಕೂಸು ಹುಟ್ಟಿದರೆ ಊರು ಸುಮ್ಮನಿದ್ದೀತೇ? ‘ತಾಯವ್ವ ಯಾವ ಗೌಡನ ಹೊಲಕ್ಕ ಹೋಗಿದ್ಲು?’ ಎಂದರು. ಅಪ್ಪ ಅದನ್ನು ಕುಡಿದು ಬಂದು ಅವ್ವನ ಬೆನ್ನ ಮೇಲೆ ಕೇಳಿದ. ಹುಡುಗರು ‘ಬೆಳ್ಳ್ಯಾ’ ಎಂದು ಕಲ್ಲು ಒಗೆದರು. ಎಲ್ಲಿಂದ ಬರುತ್ತಿವೆ ಎಂದು ಅವನಿಗೆ ಕಾಣುತ್ತಿರಲಿಲ್ಲ. ಕಲ್ಲು ಬಿದ್ದ ಮೇಲೆ ಆ ಕಡೆ ಮುಖ ಮಾಡುತ್ತಿದ್ದ, ನಗುತ್ತಿದ್ದ, ಆಟವೆಂದು ತಿಳಿದು.

ಕಬ್ಬು ಕಡಿಯಲು ಅವ್ವ ಗಲಗಲಿಗೆ ಹೋದಾಗ ಅವನೂ ಹೋದ. ಮಟಮಟ ಮಧ್ಯಾಹ್ನ. ಹಣೆಗೆ ಅಂಗೈ ಅಡ್ಡ ಹಿಡಿದು ನೀರಿನ ಸಪ್ಪಳದ ಕಡೆ ನಡೆದಿದ್ದಾನೆ. ಬಾವಿಗೆ ಕಟ್ಟೆಯಿರಲಿಲ್ಲ. ಧಣಿಗೆ ಕಟ್ಟೆ ಕಟ್ಟಿಸುವಷ್ಟು ಪುರುಸೊತ್ತಿರಲಿಲ್ಲ. ಕತ್ತಲಲ್ಲಿ ಬಿದ್ದವರ ಹತ್ತಿರ ದೀಪ ಒಯ್ಯಬಹುದು. ಬೆಳಕಿನಲ್ಲಿ ಬಿದ್ದವನ ಹತ್ತಿರ ಏನು ಒಯ್ಯುವುದು?

ಅದೇ ಗಲಗಲಿ. ಅದೇ ಕಬ್ಬು. ಬಿಳಿ ಹಾವು ಸಿಕ್ಕರೆ ಗುಡಿ, ಬಿಳಿ ಹುಡುಗ ಸಿಕ್ಕರೆ ಕಲ್ಲು.

ಅವ್ವನಿಗೆ ಕೇಳಿದೆ, ‘ನಿನ್ನ ತವರಾಗ ಇನ್ನ್ಯಾರಾದ್ರೂ ಹಿಂಗ ಬೆಳ್ಳಗ ಇದ್ರೇನಬೇ?’

ಅವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ‘ನಮ್ಮಜ್ಜಿ ತಂಗಿ ಒಬ್ಬಾಕಿ ಇದ್ಲಂತ. ಯಾಕ ಕೇಳ್ತೀಬೇ? ಉಣ್ಣು.’

ತಮ್ಮನ ಹೆಸರು ಬರೆಯಲು ಆಗಲಿಲ್ಲ. ಬರೆದರೆ ಬರುತ್ತಾನೆ.

ಏಪ್ರಿಲ್ 14

ಬಾಬಾಸಾಹೇಬರ ಜಯಂತಿ. ಮಾಮಾನ ಭಾಷಣ ಜೋರು. ‘ಗ್ವಾಡಿ ಒಡೀರಿ! ಜಾತಿ ಬಿಟ್ಟು ಲಗ್ನ ಆಗ್ರಿ!’ ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಮನೆಗೆ ಬಂದ ಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ.

‘ನೀ ಎಷ್ಟ ಗ್ವಾಡಿ ಒಡದಿ ಮಾಮಾ? ಅಕ್ಕನ ಮನಿ ಅಗಳಿ ತಗದು ಒಳಗ ಬಂದಿ, ಅಷ್ಟ.’

‘ಏನ್ ಮಾತಲೇ ಇದು?’

ಹೇಳಿದೆ. ಅವ್ವನಲ್ಲಿ ಆ ಎಳೆ ಇದೆ, ಇಲ್ಲದಿದ್ದರೆ ತಮ್ಮ ಹುಟ್ಟುತ್ತಿರಲಿಲ್ಲ. ನನ್ನಲ್ಲಿ ಇರಬಹುದು. ಅವ್ವನ ಒಡಹುಟ್ಟಿದ ಅವನಲ್ಲೂ ಇರಬಹುದು. ಎರಡೂ ಕೂಡಿದರೆ? ಲೆಕ್ಕ ಹಾಕಿದ್ದೇನೆ, ಹನ್ನೆರಡರಲ್ಲಿ ಒಂದು. ಹೊರಗಿನವರ ಕೂಡ ಲಗ್ನವಾಗಿದ್ದರೆ ನಾನೂರಕ್ಕೆ ಒಂದೂ ಬರುತ್ತಿರಲಿಲ್ಲ.

ಮಾಮಾ ಹೊಸ್ತಿಲ ಮೇಲೆ ಕುಳಿತ. ಆಮೇಲೆ, ಭಾಷಣದ ದನಿಯಲ್ಲದ ದನಿಯಲ್ಲಿ ಹೇಳಿದ: ‘ನಿನ್ನ ನೋಡಾಕ ಮೂರು ಊರಿಂದ ಬಂದಿದ್ರು ಮಾದೂ. ನಿನಗ ಹೇಳಲಿಲ್ಲ. ಬೆಳ್ಳ್ಯಾನ ಅಕ್ಕ ಅಂತ ಗೊತ್ತಾಗಿ ಚಾದ ಕಪ್ಪೂ ಮುಟ್ಟದ ಎದ್ದು ಹ್ವಾದ್ರು. ನಮ್ಮ ಜಾತಿಯವ್ರಲೇ, ನಮ್ಮವ್ರ! ಅಕ್ಕ ಅತ್ಲು. ನಾ ಹೂಂ ಅಂದೆ.’

‘ಪುಣ್ಯಾ ಕಟಗೊಂಡಿ ಅನ್ನು.’

‘ಪ್ರೀತೀನೂ ಇತ್ತಲೇ, ಹುಚ್ಚಿ.’

ಅದು ಖರೆ. ಅದಕ್ಕೇ ಇಷ್ಟು ಸಿಟ್ಟು. ಬೈಯಲಿಕ್ಕೆ ಕೈಗೆ ಸಿಗುವವನು ಇವನೊಬ್ಬನೇ.

ಗಲಗಲಿಯ ಆ ಹಾವನ್ನು ಯಾರೂ ಮಾಡಿರಲಿಲ್ಲ. ಯಾವ ಕಾಲಕ್ಕೋ ಒಂದು ಎಳೆ ತಾನಾಗಿಯೇ ಬಣ್ಣ ಮರೆಯಿತು. ಎಷ್ಟೋ ತಲೆಮಾರು ಮರೆಯಲ್ಲೇ ಹರಿಯಿತು. ಅಷ್ಟಗಲ ಹೊಲದಲ್ಲಿ ಅಂಥವೇ ಎರಡು ಹಾವು ಆಕಸ್ಮಿಕ ಕೂಡಿದವು. ಅದು ನಿಸರ್ಗದ ಕೈತಪ್ಪು. ಕಾಶಪ್ಪನ ಪೆಟ್ಟಿಗೆಯೊಳಗಿನದು ಕೈತಪ್ಪಲ್ಲ, ಹಟ. ನಮ್ಮನ್ನು ಯಾರು ಪೆಟ್ಟಿಗೆಗೆ ಹಾಕಿದರು? ಊರ ಹೊರಗೊಂದು ಕೇರಿ, ಕೇರಿಯೊಳಗೆ ಹತ್ತೆಂಟು ಮನೆ, ಹೆಣ್ಣು ಕೊಡಲು ಅವೇ, ತರಲೂ ಅವೇ. ಮುಚ್ಚಳ ಹಾಕಿದವರು ಹೊರಗೆ ನಿಂತು ‘ಇವರ ಮಕ್ಕಳು ನೋಡ್ರಿ ಹೆಂಗ’ ಎನ್ನುತ್ತಾರೆ. ಅವರೂ ತಮ್ಮ ತಮ್ಮ ಪೆಟ್ಟಿಗೆಯೊಳಗೇ ಕುಳಿತಿದ್ದಾರೆ. ಅವರದು ಗಾಜಿನದು, ಹೂವಿನ ಹಾರ ಹಾಕಿದ್ದು.

ಹಾಸಿಗೆಯನ್ನು ಒಳಗಿನ ಮೂಲೆಗೆ ಎಳೆದುಕೊಂಡೆ. ಕಿಟಕಿಯ ಹತ್ತಿರ ನಿದ್ದೆ ಬರುತ್ತಿಲ್ಲ.

ಮೇ 2

ಕಂದು ಹೆಣ್ಣು ಮೊಟ್ಟೆ ಇಟ್ಟಿದೆ. ಸುತ್ತಿಕೊಂಡು ಮಲಗಿದೆ. ಯಾರು ಹತ್ತಿರ ಹೋದರೂ ಹೆಡೆ.

ಮೇ 19

ಸೆಕೆ. ಕಿಟಕಿಗೆ ಹಳೆಯ ಸೀರೆ ಕಟ್ಟಿದೆ.

ಮೇ 20

ಮಧ್ಯಾಹ್ನ ಬಂದಿದ್ದ. ಅಂಗಳದ ಬಿಸಿಲಲ್ಲಿ ನಿಂತಿದ್ದ. ಹಣೆಯ ಮೇಲೆ ಕೈ. ಒಳಗೆ ಬಾ ಎನ್ನಲು ಬಾಯಿ ಬರಲಿಲ್ಲ.

ಜೂನ್ 8

ಮಾಡಿನ ಬೆಳಕಿಂಡಿಯ ಗಾಜಿಗೆ ಹಳೆಯ ಪತ್ರಿಕೆ ಅಂಟಿಸಿದೆ. ಬಿಸಿಲು ನೇರ ಹೊಟ್ಟೆಯ ಮೇಲೆ ಬೀಳುತ್ತಿತ್ತು. ಮಾಮಾ ಬಂದವನು ಹೊಸ್ತಿಲು ಎಡವಿದ. ‘ಹಗಲಿನ್ಯಾಗ ಬ್ಯಾಟರಿ ಹಚಗೊಂಡು ಬರಬೇಕೇನಲೇ ಮನಿಗೆ?’ ಎಂದ. ಗಂಡಸರಿಗೆ ಎಲ್ಲದರಲ್ಲೂ ಕೊರತೆ ಕಾಣುತ್ತದೆ.

ಜೂನ್ 30

ಮರಿ ಹೊರಬಂದವು. ಅರ್ಧ ಬಿಳಿ, ಅರ್ಧ ಕಂದು. ನಾನು ಹೇಳಿದಂತೆಯೇ! ಒಂದು ಕ್ಷಣ, ಒಂದೇ ಕ್ಷಣ, ಗೆದ್ದೆ ಅನ್ನಿಸಿತು. ಬಿಳಿ ಮರಿಗಳೆಂದರೆ ಸುಲಿದ ಬೆಳ್ಳುಳ್ಳಿಯ ಎಸಳಿನಂತೆ, ಕಣ್ಣು ಕುಂಕುಮದ ಚುಕ್ಕೆ. ಒಂದಕ್ಕೆ ಬೆನ್ನು ಮುರಿದ ಸರಪಳಿಯಂತಿತ್ತು. ಒಂದಕ್ಕೆ ಒಂದು ಕಣ್ಣೇ ಇರಲಿಲ್ಲ, ಅಲ್ಲಿ ಬರೀ ಚರ್ಮ.

ಕಾಶಪ್ಪನವರು ಕೈ ಮುಗಿದರು. ಆಮೇಲೆ ನೇಯ್ದ ಬಟ್ಟೆಯ ಥಾನಿನಲ್ಲಿ ಕೆಟ್ಟ ಮಾಲು ಬೇರೆ ಮಾಡುವವರ ಹಾಗೆ ಬೆರಳು ತೋರಿಸುತ್ತ ಬಂದರು. ‘ಇದು ಇರಲಿ. ಇದು ಇರಲಿ. ಈ ಡೊಂಕ ತಗೀರಿ. ಈ ಕುರುಡ ತಗೀರಿ. ಕಂದು ಎಲ್ಲಾ ತಗೀರಿ.’

‘ಕಂದುವನ್ನ ಹೊಳಿ ದಂಡಿಗೆ ಬಿಡಲೇನ್ರಿ?’ ಎಂದ ಗಿರಿಮಲ್ಲಪ್ಪ.

‘ಬಿಟ್ರ ನಾಳೆ ಯಾವನೋ ಹಿಡದು ನನ್ನಂಗ ಬಿಳಿ ಮಾಡತಾನ. ಮುಗಸ್ರಿ.’

ಗಿರಿಮಲ್ಲಪ್ಪ ಬುಟ್ಟಿ ಎತ್ತಿಕೊಂಡ. ನಾನು ಒಳಗೆ ನೋಡಿದೆ. ಎಂಥ ಚೆಂದ ಕಂದು! ಗೋದಿ ಬಣ್ಣದ, ಗಟ್ಟಿ ಕಣ್ಣಿನ, ಬಿಸಿಲಿಗೆ ಹೆದರದ ಮರಿಗಳು. ‘ಇಂಥಾದು ಬೇಕು,’ ಎಂದೆ ಬಾಯಿಬಿಟ್ಟು.

‘ನಿಮಗ್ಯಾಕ್ರಿ ಬಾಯಾರ ಹಾವಿನ ಮರಿ?’ ಎಂದು ಅವನು ನಕ್ಕ.

ನಾನು ಹಾವಿನ ಬಗ್ಗೆ ಹೇಳಿರಲಿಲ್ಲ. ಸಾವಕಾರ ಕಂದು ತೆಗೆಯುತ್ತಾನೆ, ನಾನು ಮನಸ್ಸಿನೊಳಗೆ ಬಿಳಿ ತೆಗೆಯುತ್ತಿದ್ದೇನೆ. ಬೆರಳು ಅದೇ. ಬಸ್ಸಿನಲ್ಲಿ ಆ ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡು ಬಂದೆ. ಹೊಟ್ಟೆಯೊಳಗೆ ಕೂಸು ಒದ್ದಿತು.

ಜುಲೈ 24

ಮುದಿ ನಾಗ ಸತ್ತಿತು. ರಾತ್ರಿಯೇ ಹೂತರಂತೆ. ಹೊರಗೆ ಹೇಳಬಾರದು. ಪಂಚಮಿಗೆ ಮರಿಯನ್ನು ಕೂರಿಸಿ ‘ದೇವರು ಬಾಲರೂಪ ತಗೊಂಡಾನ’ ಎನ್ನುವುದೆಂದು ತೀರ್ಮಾನವಾಗಿದೆ.

ಸಂತೆಯಲ್ಲಿ ಒಂದು ಕಂಬಳಿ ಕೊಂಡೆ. ಕರಿದು. ಮಳೆಗಾಲಕ್ಕೆ ಹೊದೆಯಲು ಬೇಕಾಗುತ್ತದೆ.

ಆಗಸ್ಟ್ 13. ನಾಗರ ಪಂಚಮಿ

ರಬಕವಿಯಿಂದ, ಮುಧೋಳದಿಂದ, ಮಹಾಲಿಂಗಪುರದಿಂದ ಜನ. ಒಳಗೆ ಕತ್ತಲು, ಕಾಣುವುದಿಲ್ಲ ಎಂದು ಗದ್ದಲ. ‘ಹೊರಗ ತರ್ರಿ! ಬೆಳಕಿಗೆ ತರ್ರಿ!’ ಸಾವಕಾರರು ಪೆಟ್ಟಿಗೆಯನ್ನು ಅಂಗಳದ ಬಿಸಿಲಿಗೆ ತರಿಸಿದರು. ಮೋಡ ಹರಿದು ಮಟಮಟ ಬಿಸಿಲು. ಗಾಜಿನೊಳಗೆ ಮರಿ ಮೂಲೆಯಿಂದ ಮೂಲೆಗೆ ಓಡಿತು. ನೆರಳಿರಲಿಲ್ಲ. ಮೇಲಿಂದ ಹಾಲು.

‘ಒಳಗ ಒಯ್ರಿ! ಅದಕ್ಕ ಬೆಳಕ ತಡೀತೈತೇನ್ರಿ!’ ಎಂದು ಕೂಗಿದೆ. ‘ಸುಮ್ನಿರಬೇ ತಂಗಿ, ಬಸುರಿದ್ದಿ, ದೇವರ ಮುಂದ ಚೀರಬಾರದು,’ ಎಂದಳು ಒಬ್ಬಾಕೆ, ಪ್ರೀತಿಯಿಂದಲೇ. ಜನರ ನಡುವೆ ನಾನು ಪೆಟ್ಟಿಗೆಯವರೆಗೆ ಹೋಗಿ ಸೆರಗು ಹೊದಿಸುವಷ್ಟರಲ್ಲಿ ಹಾಲಿನೊಳಗೆ ಒಂದು ಬಿಳಿ ದಾರ ತೇಲುತ್ತಿತ್ತು. ಯಾವುದು ಹಾಲು, ಯಾವುದು ಮರಿ ತಿಳಿಯದಷ್ಟು ಬಿಳಿ.

ಜನ ‘ಬೈಲಾತು, ದೇವರು ಬೈಲಾತು’ ಎಂದು, ದೇವರು ಬಯಲಲ್ಲಿ ಲೀನವಾಯಿತೆಂದು, ಕೆನ್ನೆ ಬಡಿದುಕೊಂಡರು. ಅವರ ಹಿಂದೆ, ಬಿಸಿಲಲ್ಲಿ, ನನ್ನ ತಮ್ಮ. ಈ ಸಲ ಹೆಸರು ಹಿಡಿದು ಕರೆದೆ. ಹೊಳೆಪ್ಪಾ. ದನಿ ಬಂದ ಕಡೆ ಮುಖ ಮಾಡಿದ, ಕಲ್ಲು ಬಿದ್ದಾಗ ಮಾಡುತ್ತಿದ್ದಂತೆ.

ಉಳಿದ ಬಿಳಿ ಮರಿಗಳೂ ಒಂದೊಂದೇ ಸತ್ತವೆಂದು ಗಿರಿಮಲ್ಲಪ್ಪ ಹೇಳಿದ. ತಿನ್ನಲಿಲ್ಲವಂತೆ.

ಸೆಪ್ಟೆಂಬರ್ 5

ನಿನ್ನೆ ಹೆತ್ತೆ. ಮನೆಯಲ್ಲೇ. ಹೆಣ್ಣು.

ಸೂಲಗಿತ್ತಿ ಭಾಗವ್ವ ಕೂಸನ್ನು ಎತ್ತಿ ಬಟ್ಟೆಯಲ್ಲಿ ಸುತ್ತಿದಳು. ಹೆಣ್ಣೋ ಗಂಡೋ ಎಂದೂ ಹೇಳಲಿಲ್ಲ. ನಾನು ಬಣ್ಣ ಕೇಳಬೇಕೆಂದು ಒಂಬತ್ತು ತಿಂಗಳು ಇಟ್ಟುಕೊಂಡಿದ್ದ ಮಾತು ನಾಲಿಗೆಗೆ ಬಂದು ನಿಂತಿತ್ತು. ಅಷ್ಟರಲ್ಲಿ, ಆಗಷ್ಟೇ ಬಸ್ಸಿಳಿದು ಬಂದಿದ್ದ ಅವ್ವ ನೋಡಿದಳು. ಅಳಲಿಲ್ಲ. ಎದ್ದು ತನ್ನ ಗಂಟು ಬಿಚ್ಚಿ, ಹುನ್ನೂರದಿಂದ ತಂದಿದ್ದ ಆ ಹಳೆಯ ಕಂಬಳಿ ಕೊಡವಿ ಕಿಟಕಿಯ ಕಡೆ ಹೋದಳು. ನನಗೆ ಎಲ್ಲ ತಿಳಿಯಿತು.

ಕಿಟಕಿಯ ಮುಂದೆ ಅವ್ವ ಹಾಗೇ ನಿಂತಳು.

‘ಇಲ್ಲಿ ಆಗಲೇ ಕಂಬಳಿ ಕಟ್ಟೀಯಲ್ಲಬೇ. ಯಾವಾಗ ಕಟ್ಟಿದಿ?’

ನನಗೆ ನೆನಪಿಲ್ಲ. ಖರೆ ನೆನಪಿಲ್ಲ. ಮೊಳೆ ಹೊಡೆದದ್ದೂ ನೆನಪಿಲ್ಲ.

ಕೂಸಿನ ರೆಪ್ಪೆಗಳು ಅರಳೆ. ಕತ್ತಲಲ್ಲಿ ಕಣ್ಣು ತೆರೆದಳು, ಅಗಲವಾಗಿ. ಡ್ಯೂಟಿಯಿಂದ ಬಂದ ಮಾಮಾ ನೋಡಿದ. ಹೊರಗೆ ಹೋಗಿ ಸಂಜೆ ಬಂದ. ತನ್ನ ಹಳೆಯ ಖಾಕಿ ಅಂಗಿ ಕೊಟ್ಟು ದರ್ಜಿಯ ಹತ್ತಿರ ಕೂಸಿನ ತಲೆಗೆ ಹಾಕುವ ಒಂದು ಕುಂಚಿಗೆ ಹೊಲಿಸಿ ತಂದಿದ್ದ. ಮುಂದೆ ಅಂಗೈಯಗಲ ಅಂಚು. ‘ಕೈ ಅಡ್ಡ ಹಿಡಿಯೂದು ಬ್ಯಾಡ ನನ್ನ ಮಗಳು,’ ಎಂದ. ಆಗ ಅತ್ತೆವು, ಮೂವರೂ.

ಸೆಪ್ಟೆಂಬರ್ 17

ಕಾಶಪ್ಪ ಸಾವಕಾರರು ಕಾರು ತೆಗೆದುಕೊಂಡು ನಮ್ಮ ಕೇರಿಗೆ ಬಂದರು! ತೆಂಗಿನಕಾಯಿ, ಕುಪ್ಪಸದ ಕಣ, ಹೂವು. ಚಪ್ಪಲಿ ಹೊರಗೆ ಬಿಟ್ಟರು. ನನ್ನನ್ನು ಗುಡಿಯ ಹೊಸ್ತಿಲಲ್ಲಿ ತಡೆದ ಅವರ ಹೆಂಡತಿ ಹೊರಗೆ ಕಾರಿನಲ್ಲಿ ಕೈ ಮುಗಿದು ಕುಳಿತಿದ್ದರು.

‘ಪಂಚಮಿಗೆ ನನ್ನ ಗುಡಿ ಖಾಲಿ ಆತು, ಶ್ರಾವಣ ಮುಗಿಯೂದರಾಗ ನಿಮ್ಮ ತೊಟ್ಟಲಾ ತುಂಬಿತು,’ ಎಂದರು. ‘ನೀವು ಅದರ ಚಾಕರಿ ಮಾಡಿದ್ರಿ, ಅದು ನಿಮ್ಮ ಹೊಟ್ಟಿಗೆ ಬಂತು. ಸೋಮವಾರಕ್ಕೊಮ್ಮೆ ಕೂಸಿನ್ನ ಗುಡಿಯಾಗ ತುಸು ಹೊತ್ತು ಕುಂಡ್ರಸ್ರಿ, ಸಾಕು. ನಿಮ್ಮ ನೌಕರಿ ಕಾಯಂ ಮಾಡೂದು ನನಗ ಬಿಡ್ರಿ. ಒಂಚೂರು ಕಿಟಕಿ ತಗೀರಿ, ಬೆಳಕಿನ್ಯಾಗ ಮಾರಿ ನೋಡಿ ಕೈ ಮುಗೀತೇನಿ.’

ನನ್ನ ಬಾಯಲ್ಲಿ ಇಡೀ ಭಾಷಣವಿತ್ತು. ಎಳೆಗಳ ಲೆಕ್ಕ, ಕೇರಿಯ ಲೆಕ್ಕ, ಬುಟ್ಟಿಯೊಳಗಿನ ಕಂದು ಮರಿಗಳ ಲೆಕ್ಕ. ಆದರೆ ಅವ್ವ ಎದ್ದುನಿಂತಳು. ಊರವರ ಮುಂದೆ ಒಮ್ಮೆಯೂ ತಲೆಯೆತ್ತದ ನನ್ನ ಅವ್ವ ಕಿಟಕಿಗೆ ಬೆನ್ನು ಹಚ್ಚಿ ನಿಂತಳು.

‘ಸಾವಕಾರ್ರ, ನನ್ನ ಮಗನ ಮ್ಯಾಲೆ ಕಲ್ಲು ಒಗದ್ರು. ಮೊಮ್ಮಗಳಿಗೆ ನೀವು ಕಾಯಿ ತಂದೀರಿ. ಯಾವುದು ಒಗದ್ರೂ ತಲಿ ಒಡೀತೈತ್ರಿ. ಹೋಗ್ರಿ.’

‘ಏನ್ ಬಾಯಾರ, ನಿಮ್ಮ ಮಾತೂ ಇದನ?’ ಎಂದರು ನನ್ನ ಕಡೆ ತಿರುಗಿ. ನಗು ಇರಲಿಲ್ಲ.

‘ಇದು ದೇವರಲ್ರಿ, ಮಾಲೂ ಅಲ್ಲ. ನಾಕು ವರ್ಷಕ್ಕ ಕುಂಚಿಗಿ ಹಾಕ್ಕೊಂಡು ಸಾಲಿಗೆ ಹೋಗಾಕಿ. ಹೊಳೆವ್ವ ಅಂತ ಹೆಸರಿಟ್ಟೇವಿ,’ ಎಂದೆ.

ಕಾಯಿ ಎತ್ತಿಕೊಂಡು ಹೋದರು. ನೌಕರಿಯೂ ಅದರ ಜೊತೆಗೇ ಹೋಯಿತೆಂದು ಗೊತ್ತಿದೆ.

ಮಧ್ಯಾಹ್ನ ಅವ್ವ ಮಲಗಿದಳು. ಹೊರಗೆ ಬಿಸಿಲು. ತಮ್ಮ ಬಾಗಿಲಲ್ಲಿ ಬಂದು ನಿಂತ, ಹಣೆಗೆ ಅಂಗೈ ಅಡ್ಡ ಹಿಡಿದು. ಈ ಸಲ ನಾನು ಹೆದರಲಿಲ್ಲ, ಬಾ ಎಂದೂ ಹೇಳಲಿಲ್ಲ. ಸುಮ್ಮನೆ ತೊಟ್ಟಿಲು ತೂಗುತ್ತಿದ್ದೆ. ಹೊಸ್ತಿಲು ದಾಟಿ ಕತ್ತಲೊಳಗೆ ಬಂದ.

ಕೈ ಕೆಳಗೆ ಇಳಿಸಿದ.